ಗಗನಸಖಿ ಗದರಿದಾಗ: ಓದುಗರ ಪ್ರಶ್ನೆ, ನನ್ನ ಉತ್ತರ

ಕಳೆದ ಸಂಚಿಕೆಯಲ್ಲಿ ವಿಮಾನ ಪ್ರಯಾಣದ ಬಗ್ಗೆ ಏನು ಬೇಕಾದರೂ ಕೇಳಿ ಅಂದಿದ್ದೆ. ಟಿಕೆಟ್, ಲಗೇಜ್, ವೀಸಾ ಇಂಥ ಪ್ರಶ್ನೆಗಳು ಬರುತ್ತವೆ ಅಂದುಕೊಂಡಿದ್ದೆ. ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯದ್ದು. ಸಿಬ್ಬಂದಿ ಮುಖ ಗಂಟಿಕ್ಕಿಕೊಂಡು ಮಾತಾಡಿದರು, ಎಲ್ಲರೆದುರು ಗದರಿದರು, ಬೆಲ್ ಒತ್ತಿದರೂ ತಿರುಗಿ ನೋಡಲಿಲ್ಲ. ಈ ಸಲ ಪೂರ್ತಿ ಅಂಕಣ ಇದಕ್ಕೇ ಇರಲಿ.

ನಾನು ಬಹಳ ವರ್ಷ ಗಗನಸಖಿಯ ಕೆಲಸ ಮಾಡಿದವಳು, ಆಮೇಲೆ ಹೊಸಬರಿಗೆ ತರಬೇತಿ ಕೊಟ್ಟವಳು. ಹಾಗಾಗಿ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸಿಬ್ಬಂದಿ ಆಡುವ ಮಾತಿನಲ್ಲಿ ಎರಡು ಬಗೆ ಇದೆ. ಒಂದು ಸುರಕ್ಷತೆಯ ಮಾತು, ಅದನ್ನು ಆ ಗಳಿಗೆಯಲ್ಲಿ ಕೇಳಲೇಬೇಕು. ಇನ್ನೊಂದು ಸೇವೆಯ ಮಾತು, ಅಲ್ಲಿ ನೀವು ಪ್ರಶ್ನೆ ಮಾಡಬಹುದು, ದೂರು ಕೊಡಬಹುದು. ಎರಡರಲ್ಲಿ ಯಾವುದೇ ಆಗಲಿ, ಅವಮಾನ ಮಾಡುವ ಹಕ್ಕು ಮಾತ್ರ ಯಾರಿಗೂ ಇಲ್ಲ.

ಪ್ರಶ್ನೆ: ಕಿಟಕಿ ಪಕ್ಕ ಕೂತು ನಿದ್ದೆ ಮಾಡುತ್ತಿದ್ದೆ. ಇಳಿಯುವ ಹೊತ್ತಿಗೆ ಗಗನಸಖಿ ಬಂದು ಭುಜ ತಟ್ಟಿ ಎಬ್ಬಿಸಿದರು. ನಾನು ಕಣ್ಣು ಬಿಡುವಷ್ಟರಲ್ಲಿ ತಾವೇ ಕೈ ಚಾಚಿ ಕಿಟಕಿಯ ಮುಚ್ಚಳ ಸರ್ರನೆ ಮೇಲೆತ್ತಿ, "ಎಷ್ಟು ಸಲ ಹೇಳಬೇಕು ನಿಮಗೆ?" ಅಂದರು. ಅಕ್ಕಪಕ್ಕದವರೆಲ್ಲ ನನ್ನನ್ನೇ ನೋಡಿದರು. ಒಂದು ಕಿಟಕಿ ಮುಚ್ಚಿದ್ದರೆ ಏನು ಮುಳುಗಿಹೋಗುತ್ತಿತ್ತು?

ಉತ್ತರ: ನಿದ್ದೆಯಲ್ಲಿದ್ದವರಿಗೆ "ಎಷ್ಟು ಸಲ" ಅನ್ನುವುದು ತಪ್ಪು. ನಿದ್ದೆಯಲ್ಲಿದ್ದವರಿಗೆ ಒಂದು ಸಲವೂ ಕೇಳಿಸಿರುವುದಿಲ್ಲ. ನಿಮಗೆ ಬೇಜಾರಾಗಿದ್ದು ಸರಿಯೇ.

ಆದರೆ ಆ ಕಿಟಕಿ ತೆರೆಯಲೇಬೇಕಿತ್ತು. ಯಾಕೆ ಅಂತ ವಿಮಾನದಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ, ಆ ಹೊತ್ತಿಗೆ ಸಮಯವೂ ಇರುವುದಿಲ್ಲ, ಅದಕ್ಕೆ ಇಲ್ಲಿ ಹೇಳುತ್ತೇನೆ. ಟೇಕಾಫ್ ಆದ ಮೊದಲ 3 ನಿಮಿಷ, ಇಳಿಯುವ ಮುಂಚಿನ 8 ನಿಮಿಷ ಅತ್ಯಂತ ಎಚ್ಚರದಿಂದ ಇರಬೇಕಾದ ಹೊತ್ತು ಅಂತ ಈ ಕೆಲಸಕ್ಕೆ ಸೇರುವ ಪ್ರತಿಯೊಬ್ಬರಿಗೂ ಕಲಿಸುತ್ತೇವೆ. ಏನಾದರೂ ಆಗಿ ಎಲ್ಲರೂ ಕೆಳಗಿಳಿಯಬೇಕಾದರೆ ಯಾವ ಕಡೆ ಬೆಂಕಿ ಇದೆ, ಯಾವ ಬಾಗಿಲು ತೆರೆಯಬಹುದು ಅಂತ ಮೊದಲು ಹೊರಗೆ ನೋಡಬೇಕು. ಬೆಂಕಿ ಇರುವ ಕಡೆ ಬಾಗಿಲು ತೆರೆದರೆ ಹೊಗೆ ಒಳಗೆ ನುಗ್ಗುತ್ತದೆ. ರಾತ್ರಿಯಾದರೆ ಒಳಗಿನ ದೀಪ ಮಂದ ಮಾಡುವುದೂ ಇದಕ್ಕೇ, ಹೊರಗಿನ ಕತ್ತಲಿಗೆ ನಿಮ್ಮ ಕಣ್ಣು ಮೊದಲೇ ಹೊಂದಿಕೊಂಡಿರಲಿ ಅಂತ. ಹೊಸ ಮಾದರಿಯ ವಿಮಾನಕ್ಕೆ ಅನುಮತಿ ಸಿಗಬೇಕಾದರೆ ಅರ್ಧದಷ್ಟು ಬಾಗಿಲುಗಳನ್ನು ಮಾತ್ರ ಬಳಸಿ 90 ಸೆಕೆಂಡಿನಲ್ಲಿ ತುಂಬಿದ ವಿಮಾನ ಖಾಲಿ ಮಾಡಬಹುದು ಅಂತ ತೋರಿಸಬೇಕು. ಮುಂದೆ ಮಡಚಿದ ಟ್ರೇ, ನೇರ ಮಾಡಿದ ಸೀಟು, ಕಾಲ ಬಳಿ ಬಿಟ್ಟ ಬ್ಯಾಗು, ಇವೆಲ್ಲದರ ಬಗ್ಗೆ ಅಷ್ಟು ಹಟ ಮಾಡುವುದು ಈ ಲೆಕ್ಕದಿಂದಲೇ.

2024ರ ಜನವರಿ 2ರಂದು ಟೋಕಿಯೋದ ಹನೇಡಾ ನಿಲ್ದಾಣದಲ್ಲಿ ಇಳಿಯುತ್ತಿದ್ದ ಜಪಾನ್ ಏರ್‌ಲೈನ್ಸ್ ವಿಮಾನ ರನ್‌ವೇ ಮೇಲಿದ್ದ ಕರಾವಳಿ ರಕ್ಷಣಾ ಪಡೆಯ ವಿಮಾನಕ್ಕೆ ಗುದ್ದಿ ಹೊತ್ತಿ ಉರಿಯಿತು. ಚಿಕ್ಕ ವಿಮಾನದಲ್ಲಿದ್ದ 6 ಜನರಲ್ಲಿ 5 ಜನ ತೀರಿಕೊಂಡರು. ದೊಡ್ಡದರಲ್ಲಿ 379 ಜನ ಇದ್ದರು, ಎಲ್ಲರೂ ಬದುಕಿದರು. ಎಂಟು ಬಾಗಿಲುಗಳಲ್ಲಿ ಬಳಸಲು ಆಗಿದ್ದು ಮೂರೇ. ಒಳಗಿನ ಮೈಕ್ ಕೆಟ್ಟಿತ್ತು, ಸಿಬ್ಬಂದಿ ಮೆಗಾಫೋನ್ ಹಿಡಿದು, ಗಂಟಲು ಹರಿಯುವ ಹಾಗೆ ಕೂಗಿ ಜನರನ್ನು ಇಳಿಸಿದರು. ಅವರು ಕಿಟಕಿಯಲ್ಲಿ ಬೆಂಕಿ ಯಾವ ಕಡೆ ಇದೆ ಅಂತ ನೋಡಿಯೇ ಬಾಗಿಲು ಆರಿಸಿಕೊಂಡಿದ್ದು.

ನಿಮ್ಮನ್ನು ಎಬ್ಬಿಸಿದವರು, "ಸರ್, ಇಳಿಯುತ್ತಿದ್ದೇವೆ, ಕಿಟಕಿ ತೆರೆಯಬೇಕು" ಅಂದಿದ್ದರೆ ಮುಗಿದಿತ್ತು. ಅಷ್ಟು ಹೇಳಲು ಹಿಡಿಯುವುದು ಎರಡು ಸೆಕೆಂಡು. ಆ ಮಾತಿನ ಧಾಟಿಯ ಬಗ್ಗೆ ನೀವು ಖಂಡಿತ ದೂರು ಬರೆಯಬಹುದು. ಕಿಟಕಿ ತೆರೆಸಿದ್ದರ ಬಗ್ಗೆ ಬರೆಯಬೇಡಿ. ಬರೆದರೆ ಕಂಪನಿಯವರು ಆ ಒಂದು ಸಾಲು ಹಿಡಿದುಕೊಂಡು ಉಳಿದದ್ದನ್ನೆಲ್ಲ ತಳ್ಳಿಹಾಕುತ್ತಾರೆ.

ಪ್ರಶ್ನೆ: ಅಮ್ಮನಿಗೆ ಮಾತ್ರೆ ನುಂಗಲು ನೀರು ಬೇಕಿತ್ತು. ಬೆಲ್ ಒತ್ತಿ ಕಾದೆ, ಯಾರೂ ಬರಲಿಲ್ಲ. ಕೊನೆಗೆ ನಾನೇ ಎದ್ದು ಹಿಂದೆ, ಊಟ-ತಿಂಡಿ ಸಿದ್ಧ ಮಾಡುವ ಗ್ಯಾಲಿಗೆ ಹೋದರೆ ಮೂರು ಜನ ಸುಮ್ನೆ ಕೂತಿದ್ದರು. ನನ್ನನ್ನು ನೋಡಿದ ತಕ್ಷಣ, "ಮೊದಲು ಹೋಗಿ ಕೂತ್ಕೊಳ್ಳಿ!" ಅಂತ ಕೂಗಿದರು. ನೀರು ಕೇಳುವುದೂ ತಪ್ಪಾ?

ಉತ್ತರ: ನೀರು ಕೇಳುವುದು ಯಾವತ್ತೂ ತಪ್ಪಲ್ಲ. ಆದರೆ ಮೂರೂ ಜನ ಒಟ್ಟಿಗೆ ಕೂತಿದ್ದರು ಅಂದಿರಿ ನೋಡಿ, ಅಲ್ಲೇ ನನಗೆ ಅನುಮಾನ. ಬೆಲ್ಟು ಬಿಗಿದುಕೊಂಡು ಜಂಪ್ ಸೀಟಿನಲ್ಲಿ, ಅಂದರೆ ಸಿಬ್ಬಂದಿಗೇ ಇರುವ ಮಡಚುವ ಸೀಟಿನಲ್ಲಿ ಕೂತಿದ್ದರಾ? ಹಾಗಿದ್ದರೆ ಪೈಲಟ್ ಅವರಿಗೂ ಕೂರಲು ಹೇಳಿರುತ್ತಾರೆ. ಮುಂದೆ ವಿಮಾನ ಜೋರಾಗಿ ಕುಲುಕಬಹುದು ಅನ್ನಿಸಿದಾಗ ಹಾಗೆ ಹೇಳುತ್ತಾರೆ. ಆಗ ಬಿಸಿ ಕಾಫಿ, ಟೀ ಕೊಡುವುದನ್ನೂ ನಿಲ್ಲಿಸುತ್ತಾರೆ, ಗಾಡಿಗಳನ್ನು ಒಳಗೆ ತಳ್ಳಿ ಚಿಲಕ ಹಾಕುತ್ತಾರೆ. 2024ರ ಮೇ 21ರಂದು ಲಂಡನ್‌ನಿಂದ ಸಿಂಗಪುರಕ್ಕೆ ಹೊರಟಿದ್ದ ಸಿಂಗಪುರ್ ಏರ್‌ಲೈನ್ಸ್ ವಿಮಾನ ಅಂಥ ಕುಲುಕಾಟಕ್ಕೆ ಸಿಕ್ಕಿಹಾಕಿಕೊಂಡಿತು. ಕೆಲವೇ ಸೆಕೆಂಡುಗಳಲ್ಲಿ ಬೆಲ್ಟ್ ಹಾಕದವರು ಛಾವಣಿಗೆ ಬಡಿದು ಕೆಳಗೆ ಬಿದ್ದರು. ಒಬ್ಬ ಪ್ರಯಾಣಿಕ ತೀರಿಕೊಂಡರು, ಹತ್ತಾರು ಜನರಿಗೆ ಗಾಯವಾಯಿತು, ವಿಮಾನ ಬ್ಯಾಂಕಾಕ್‌ನಲ್ಲಿ ಇಳಿಯಬೇಕಾಯಿತು. ಇಂಥ ಕುಲುಕಾಟದಲ್ಲಿ ಸಿಬ್ಬಂದಿಗೇ ಜಾಸ್ತಿ ಪೆಟ್ಟಾಗುತ್ತದೆ, ಯಾಕೆಂದರೆ ನಿಂತು ಓಡಾಡುವವರು ಅವರೇ. ಹಾಗಾಗಿ ನಿಂತವರನ್ನು ಕಂಡರೆ ಅವರಿಗೆ ಎದೆ ಝಲ್ಲೆನ್ನುತ್ತದೆ, ಕೂಗಿಬಿಡುತ್ತಾರೆ.

ಬೆಲ್ಟ್ ದೀಪ ಆರಿತ್ತು, ಅವರು ಹರಟೆ ಹೊಡೆಯುತ್ತಿದ್ದರು ಅನ್ನುವುದಾದರೆ ಅದು ಬೇರೆ ಮಾತು. ಅದು ಶುದ್ಧ ಉಡಾಫೆ. ಕ್ಷಮಿಸಬೇಕಾದ ಅಗತ್ಯ ಇಲ್ಲ.

ಬೆಲ್ಲಿನ ಬಗ್ಗೆ ಒಂದು ವಿಷಯ. ನೀವು ಗುಂಡಿ ಒತ್ತಿದಾಗ ಗ್ಯಾಲಿಯಲ್ಲಿ ಟಿಂಗ್ ಅನ್ನುತ್ತದೆ, ಮೇಲೊಂದು ಬಣ್ಣದ ದೀಪ ಹತ್ತುತ್ತದೆ, ನಿಮ್ಮ ಸೀಟಿನ ಮೇಲೂ ಒಂದು ದೀಪ ಹತ್ತುತ್ತದೆ. ಅಷ್ಟೇ. ನಿಮಗೆ ನೀರು ಬೇಕಾ, ಪಕ್ಕದವರಿಗೆ ಎದೆನೋವಾ, ಅಥವಾ ಮಗು ಗುಂಡಿ ಒತ್ತಿ ಆಟ ಆಡುತ್ತಿದೆಯಾ ಅನ್ನುವುದು ಅವರಿಗೆ ತಿಳಿಯುವುದಿಲ್ಲ. ಹಲವು ದೇಶಗಳಲ್ಲಿ 50 ಸೀಟಿಗೆ ಒಬ್ಬ ಸಿಬ್ಬಂದಿ ಇದ್ದರೆ ಸಾಕು ಅನ್ನುವುದು ಕನಿಷ್ಠ ನಿಯಮ, ಆ ಕನಿಷ್ಠವನ್ನೇ ಇಟ್ಟುಕೊಂಡು ಹಾರಿಸುವ ಕಂಪನಿಗಳಿಗೇನೂ ಕಡಿಮೆಯಿಲ್ಲ. ಮುಂದಿನ ಸಲ ಮಾತ್ರೆ ನುಂಗುವ ಹೊತ್ತು ಇದ್ದರೆ ಹತ್ತುವಾಗಲೇ ಬಾಗಿಲ ಬಳಿ ಇರುವವರಿಗೆ ಹೇಳಿ, ನೀರು ಈಗಲೇ ಕೊಡಿ ಅಂತ. ಕೊಡುತ್ತಾರೆ. ತುರ್ತು ಅಂದರೆ ಬೆಲ್ ಒತ್ತಿ ಕಾಯಬೇಡಿ, ಗಟ್ಟಿಯಾಗಿ ಕೂಗಿ ಕರೆಯಿರಿ. ನಾಚಿಕೆ ಬೇಡ.

ಪ್ರಶ್ನೆ: ಬ್ಯಾಗ್ ಮೇಲಿಡಲು ಸಹಾಯ ಕೇಳಿದೆ. "ನಾವು ಎತ್ತುವ ಹಾಗಿಲ್ಲ" ಅಂದರು. ಅವರ ಕೆಲಸವೇ ಅದಲ್ವಾ?

ಉತ್ತರ: ಅಲ್ಲ. ಪ್ರಯಾಣಿಕರ ಬ್ಯಾಗನ್ನು ಎತ್ತಿ ಇಡಬೇಡಿ, ಜಾಗ ತೋರಿಸಿ, ಬೇಕಾದರೆ ಒಂದು ಕೈ ಕೊಡಿ ಅಂತ ಹಲವು ಕಂಪನಿಗಳೇ ಸಿಬ್ಬಂದಿಗೆ ಹೇಳಿರುತ್ತವೆ. ದಿನಾ ಪರರ ಬ್ಯಾಗ್ ಎತ್ತಿ ಎತ್ತಿ ಬೆನ್ನು, ಭುಜ ಹಾಳು ಮಾಡಿಕೊಂಡವರನ್ನು ನಾನು ನೋಡಿದ್ದೇನೆ. ಅಂಗವೈಕಲ್ಯ ಇರುವವರಿಗೆ ಬ್ಯಾಗ್ ಇಡಲು, ತೆಗೆಯಲು ನೆರವಾಗಬೇಕು ಅಂತ ಅಮೆರಿಕದಲ್ಲೂ ಯುರೋಪಿನಲ್ಲೂ ನಿಯಮ ಇದೆ. ಕೈಗೆ ಆಪರೇಷನ್ ಆಗಿದೆ, ವಯಸ್ಸಾಗಿದೆ ಅಂದರೆ ಮುಂಚೆಯೇ ಕಂಪನಿಗೆ ತಿಳಿಸಿ. ನಿಮಗೇ ಎತ್ತಲಾಗದಷ್ಟು ಭಾರ ಅಂದರೆ ಕೆಳಗೆ ಲಗೇಜಿಗೆ ಹಾಕಿಬಿಡಿ.

ಪ್ರಶ್ನೆ: ನನಗೆ ಅಸ್ತಮಾ. ಪಕ್ಕದ ಸೀಟಿನವರು ಹಾಕಿಕೊಂಡಿದ್ದ ಸೆಂಟಿಗೆ ಉಸಿರು ಕಟ್ಟಿದ ಹಾಗಾಯಿತು. ಬೇರೆ ಸೀಟು ಕೊಡಿ ಅಂತ ಬೇಡಿಕೊಂಡೆ. "ಫ್ಲೈಟ್ ಫುಲ್, ಅಡ್ಜಸ್ಟ್ ಮಾಡ್ಕೊಳ್ಳಿ" ಅಂತ ನನ್ನ ಮುಖವನ್ನೂ ನೋಡದೆ ಹೋದರು. ಇಳಿಯುವಾಗ ನೋಡಿದರೆ ಹಿಂದೆ ಖಾಲಿ ಸೀಟುಗಳಿದ್ದವು. ಇನ್ನೂ ಸಿಟ್ಟು ಇಳಿದಿಲ್ಲ.

ಉತ್ತರ: ಈ ಪತ್ರ ಓದಿ ನನಗೂ ಸಿಟ್ಟು ಬಂತು. ಇದು ಮರ್ಯಾದೆಯ ಪ್ರಶ್ನೆ ಮಾತ್ರ ಅಲ್ಲ, ಜೀವದ ಪ್ರಶ್ನೆ. ಹೆಚ್ಚುಕಡಿಮೆ ಇಂಥದ್ದೇ ಒಂದು ಪ್ರಕರಣ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿದೆ, ಅದನ್ನು ಪೂರ್ತಿ ಹೇಳುತ್ತೇನೆ.

1998ರ ಜನವರಿ. ವಿಮಾನದಲ್ಲಿ ಸಿಗರೇಟ್ ಸೇದಲು ಕೆಲವು ಕಂಪನಿಗಳು ಇನ್ನೂ ಬಿಡುತ್ತಿದ್ದ ಕಾಲ. ಒಲಿಂಪಿಕ್ ಏರ್‌ವೇಸ್ ವಿಮಾನದಲ್ಲಿ ಅಸ್ತಮಾ ಇದ್ದ ವೈದ್ಯರೊಬ್ಬರು ಹೆಂಡತಿಯ ಜೊತೆ ಅಥೆನ್ಸ್‌ನಿಂದ ಅಮೆರಿಕಕ್ಕೆ ಹೊರಟಿದ್ದರು. ಸಿಗರೇಟ್ ಸೇದುವವರ ಸಾಲುಗಳಿಗಿಂತ ಮೂರೇ ಸಾಲು ಮುಂದೆ ಅವರ ಸೀಟು. ಅವರಿಗೆ ಹೊಗೆ ಆಗುವುದಿಲ್ಲ, ದಯವಿಟ್ಟು ಬೇರೆ ಕಡೆ ಕೂರಿಸಿ ಅಂತ ಹೆಂಡತಿ ಗಗನಸಖಿಯನ್ನು ಒಂದಲ್ಲ, ಮೂರು ಸಲ ಕೇಳಿದರು. ವಿಮಾನ ಪೂರ್ತಿ ತುಂಬಿದೆ ಅನ್ನುವ ಉತ್ತರ ಬಂತು. ನಿಜವಾಗಿ 11 ಸೀಟು ಖಾಲಿ ಇದ್ದವು. ಆ ಹೊಗೆಯಲ್ಲೇ ಪ್ರಯಾಣ ಮುಂದುವರಿಯಿತು. ಅವರು ವಿಮಾನದಲ್ಲೇ ತೀರಿಕೊಂಡರು.

ಅಂತಾರಾಷ್ಟ್ರೀಯ ಪ್ರಯಾಣದಲ್ಲಿ ವಿಮಾನದೊಳಗೆ ಆದ ಅಪಘಾತದಿಂದ ಸಾವು ಅಥವಾ ದೈಹಿಕ ಗಾಯ ಆದರೆ ಕಂಪನಿ ಪರಿಹಾರ ಕೊಡಬೇಕು ಅಂತ ಆಗ 1929ರ ವಾರ್ಸಾ ಒಪ್ಪಂದದಲ್ಲಿತ್ತು, ಈಗ ಬಹುತೇಕ ದೇಶಗಳಲ್ಲಿ ಅದರ ಜಾಗಕ್ಕೆ 1999ರ ಮಾಂಟ್ರಿಯಲ್ ಒಪ್ಪಂದ ಬಂದಿದೆ. ಇದು ಅಪಘಾತವೇ ಅಲ್ಲ, ನಾವು ಏನೂ ಮಾಡಲಿಲ್ಲವಲ್ಲ ಅಂತ ಕಂಪನಿ ವಾದಿಸಿತು. 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಸಹಾಯ ಕೇಳಿದಾಗ ಮಾಡದೆ ಇದ್ದದ್ದೂ ಒಂದು ಘಟನೆಯೇ, ಅಪಘಾತ ಅನ್ನುವ ಮಾತಿನೊಳಗೆ ಅದೂ ಬರುತ್ತದೆ ಅಂತ ತೀರ್ಪು ಕೊಟ್ಟಿತು. ನಾನು ತರಬೇತಿ ಕೊಡುತ್ತಿದ್ದಾಗ ಪ್ರತಿ ತಂಡಕ್ಕೂ ಇದನ್ನು ಹೇಳುತ್ತಿದ್ದೆ. "ಆಗಲ್ಲ" ಅನ್ನುವ ಮುಂಚೆ ಎದ್ದು ಹೋಗಿ ಸೀಟು ನೋಡಿ ಬನ್ನಿ, ನೋಡದೆ ಹೇಳಬೇಡಿ ಅಂತ.

ನಿಮಗೆ ನನ್ನ ಸಲಹೆ ಇಷ್ಟು. "ಸೀಟು ಬದಲಿಸಿ" ಅಂತ ಕೇಳಿದರೆ ಅವರ ಕಿವಿಗೆ ಅದು ಇನ್ನೊಂದು ಸೀಟಿನ ತಕರಾರು, ದಿನಕ್ಕೆ ಅಂಥವು ಎಷ್ಟೋ ಬರುತ್ತವೆ. "ನನಗೆ ಅಸ್ತಮಾ ಇದೆ, ಈಗ ಉಸಿರಾಡಲು ಕಷ್ಟ ಆಗುತ್ತಿದೆ, ಇದು ಆರೋಗ್ಯದ ತೊಂದರೆ" ಅಂತ ಹೇಳಿ. ಆಗ ಅದು ವೈದ್ಯಕೀಯ ವಿಷಯ ಆಗುತ್ತದೆ, ಸುಮ್ನೆ ಬಿಟ್ಟು ಹೋಗಲು ಬರುವುದಿಲ್ಲ. ಅದಕ್ಕೂ ಕಿವಿಗೊಡದಿದ್ದರೆ ಸೀನಿಯರ್ ಯಾರು, ಅವರನ್ನು ಕರೆಯಿರಿ ಅನ್ನಿ. ಪ್ರತಿ ವಿಮಾನದಲ್ಲೂ ಕ್ಯಾಬಿನ್ನಿಗೆ ಒಬ್ಬರು ಮುಖ್ಯಸ್ಥರು ಇರುತ್ತಾರೆ. ಅಕ್ಕಪಕ್ಕದವರನ್ನೂ ಕೇಳಿ, ಯಾರಾದರೂ ಸೀಟು ಬದಲಿಸಿಕೊಳ್ಳಲು ಒಪ್ಪುತ್ತಾರಾ ಅಂತ. ಇನ್‌ಹೇಲರ್ ಮೇಲಿನ ಬ್ಯಾಗಿನಲ್ಲಿ ಇಡಬೇಡಿ, ಜೇಬಿನಲ್ಲೇ ಇರಲಿ. ಹಾರುವ ವಿಮಾನದೊಳಗಿನ ಗಾಳಿಯ ಒತ್ತಡ ಸುಮಾರು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿದ್ದ ಹಾಗೆ ಇರುತ್ತದೆ, ಗಾಳಿ ತುಂಬಾ ಒಣಗಿರುತ್ತದೆ. ಉಸಿರಾಟದ ತೊಂದರೆ ಇರುವವರಿಗೆ ಅಲ್ಲಿ ನೆಲದ ಮೇಲಿಗಿಂತ ಬೇಗ ಸುಸ್ತಾಗುತ್ತದೆ. ನೀವು ಅತಿ ಮಾಡಿದಿರಿ ಅಂತ ಯಾರಾದರೂ ಅಂದರೆ ನಂಬಬೇಡಿ.

ಪ್ರಶ್ನೆ: ಬಿಸಿ ಕಾಫಿ ಕೊಡುವಾಗ ಕಪ್ ಜಾರಿ ನನ್ನ ತೊಡೆಯ ಮೇಲೆ ಬಿತ್ತು. ಒಂದು "ಸಾರಿ", ನಾಲ್ಕು ಟಿಶ್ಯೂ, ಅಷ್ಟೇ. ಮನೆಗೆ ಬಂದು ನೋಡಿದರೆ ಬೊಬ್ಬೆ ಎದ್ದಿತ್ತು. ಏನಾದರೂ ಮಾಡಬಹುದಾ?

ಉತ್ತರ: ಮಾಡಬಹುದು. ಅಂತಾರಾಷ್ಟ್ರೀಯ ವಿಮಾನವಾಗಿದ್ದರೆ ಮೇಲೆ ಹೇಳಿದ ಮಾಂಟ್ರಿಯಲ್ ಒಪ್ಪಂದ ಅನ್ವಯವಾಗಬಹುದು. ಮಯೋರ್ಕಾದಿಂದ ವಿಯೆನ್ನಾಕ್ಕೆ ಹೋಗುತ್ತಿದ್ದ ವಿಮಾನದಲ್ಲಿ ಅಪ್ಪನ ಮುಂದಿನ ಟ್ರೇ ಮೇಲಿಟ್ಟಿದ್ದ ಬಿಸಿ ಕಾಫಿ 6 ವರ್ಷದ ಮಗಳ ಮೇಲೆ ಚೆಲ್ಲಿ ಸುಟ್ಟಿತು. ವಿಮಾನ ಕುಲುಕಿತಾ, ಟ್ರೇ ಕೆಟ್ಟಿತ್ತಾ ಅನ್ನುವುದು ಕೊನೆಗೂ ಗೊತ್ತಾಗಲಿಲ್ಲ. ಹಾರಾಟಕ್ಕೆ ಸಂಬಂಧಪಟ್ಟ ಅಪಾಯ ಇದಲ್ಲ, ಹಾಗಾಗಿ ನಮ್ಮ ಹೊಣೆ ಇಲ್ಲ ಅಂದಿತು ಕಂಪನಿ. ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2019ರ ಡಿಸೆಂಬರ್‌ನಲ್ಲಿ, ಅಂಥ ಸಂಬಂಧ ತೋರಿಸಬೇಕಾಗಿಲ್ಲ, ಇದೂ ಅಪಘಾತವೇ ಅಂತ ಹೇಳಿತು.

ಬಿಸಿ ಬಿದ್ದ ತಕ್ಷಣ ಟಿಶ್ಯೂ ಒತ್ತಬೇಡಿ. ತಣ್ಣೀರು ಕೇಳಿ, 20 ನಿಮಿಷ ಬಿಡದೆ ತಣ್ಣೀರು ಹಾಕುತ್ತಿರಿ, ಮಂಜುಗಡ್ಡೆ ಬೇಡ. ಗಾಯದ ಫೋಟೋ ತೆಗೆದುಕೊಳ್ಳಿ. ಇಳಿಯುವ ಮುಂಚೆ, "ಇದನ್ನು ನಿಮ್ಮ ವರದಿಯಲ್ಲಿ ಬರೆಯಿರಿ" ಅಂತ ಸೀನಿಯರ್‌ಗೆ ಸ್ಪಷ್ಟವಾಗಿ ಹೇಳಿ. ಬರೆದಿಡದ ಗಾಯಕ್ಕೆ ಆಮೇಲೆ ಸಾಕ್ಷಿ ಹುಡುಕುವುದು ಕಷ್ಟ. ಅದೇ ದಿನ ವೈದ್ಯರಿಗೆ ತೋರಿಸಿ ಚೀಟಿ ಇಟ್ಟುಕೊಳ್ಳಿ. ಈ ಒಪ್ಪಂದದ ಪ್ರಕಾರ ಕೋರ್ಟಿಗೆ ಹೋಗಲು 2 ವರ್ಷದ ಗಡುವು ಇದೆ. ಅಲ್ಲಿಯವರೆಗೆ ಕಾಯಬೇಡಿ, ಈ ವಾರವೇ ಕಂಪನಿಗೆ ಬರೆಯಿರಿ.

ಪ್ರಶ್ನೆ: ಮಗು ಇಳಿಯುವ ಹೊತ್ತಿಗೆ ವಿಪರೀತ ಅತ್ತಿತು. ಗಗನಸಖಿ ಬಂದು, "ಮಗುನ ಸ್ವಲ್ಪ ನೋಡ್ಕೊಳ್ಳಿ, ಬೇರೆಯವರಿಗೆ ತೊಂದರೆ" ಅಂದರು. ನನಗೆ ಅಳು ಬಂತು.

ಉತ್ತರ: ತಾಯಿಗೆ ಹೀಗೆ ಹೇಳುವುದು ಕ್ರೂರ. ನೀವೇನು ನೋಡಿಕೊಳ್ಳದೆ ಕೂತಿದ್ದಿರಾ? ವಿಮಾನ ಇಳಿಯುವಾಗ ಗಾಳಿಯ ಒತ್ತಡ ಏರುತ್ತದೆ, ಮಕ್ಕಳ ಕಿವಿಯ ಒಳಗಿನ ನಾಳ ಚಿಕ್ಕದು, ಬೇಗ ತೆರೆದುಕೊಳ್ಳುವುದಿಲ್ಲ, ನೋವಾಗುತ್ತದೆ. ಅವು ಅಳುವುದು ಅದಕ್ಕೇ. ಆ ಹೊತ್ತಿಗೆ ಹಾಲು ಕುಡಿಸಿದರೆ, ಏನಾದರೂ ಚೀಪಲು ಕೊಟ್ಟರೆ ನುಂಗುವಾಗ ಕಿವಿ ತೆರೆದುಕೊಳ್ಳುತ್ತದೆ. ಇಳಿಯಲು ಶುರುವಾದಾಗ ನನಗೆ ಒಂದು ಮಾತು ಹೇಳಿ ಅಂತ ಮುಂಚೆಯೇ ಸಿಬ್ಬಂದಿಯನ್ನು ಕೇಳಿಡಿ. ನಿಮ್ಮ ಬಳಿ ಬಂದವರು ಬೈಯುವ ಬದಲು ಇಷ್ಟು ತಿಳಿಸಿದ್ದರೆ ಮಗುವಿಗೂ, ಉಳಿದವರಿಗೂ ಒಳ್ಳೆಯದಾಗುತ್ತಿತ್ತು. ನೀವು ಯಾರ ಕ್ಷಮೆಯನ್ನೂ ಕೇಳಬೇಕಿಲ್ಲ.

ಪ್ರಶ್ನೆ: ನನ್ನ ಜೊತೆ ಒರಟಾಗಿ ನಡೆದುಕೊಂಡಾಗ ಫೋನ್ ತೆಗೆದು ವಿಡಿಯೋ ಮಾಡಿದೆ. ಆಫ್ ಮಾಡಿ, ಇಲ್ಲದಿದ್ದರೆ ಇಳಿದ ಮೇಲೆ ಪೊಲೀಸರಿಗೆ ಒಪ್ಪಿಸುತ್ತೇವೆ ಅಂದರು. ಸಾಕ್ಷಿ ಇಟ್ಟುಕೊಳ್ಳುವುದು ನನ್ನ ಹಕ್ಕಲ್ವಾ?

ಉತ್ತರ: ವಿಮಾನದೊಳಗೆ ಅಷ್ಟು ಸಲೀಸಲ್ಲ. ಒಪ್ಪಿಗೆ ಇಲ್ಲದೆ ಸಿಬ್ಬಂದಿಯ ವಿಡಿಯೋ ತೆಗೆಯುವಂತಿಲ್ಲ ಅಂತ ಹಲವು ಕಂಪನಿಗಳ ಷರತ್ತಿನಲ್ಲಿ ಇರುತ್ತದೆ. ಟಿಕೆಟ್ ಕೊಂಡಾಗ ನೀವು ಅದಕ್ಕೆ ಒಪ್ಪಿರುತ್ತೀರಿ. ಇನ್ನೊಂದು, 1963ರ ಟೋಕಿಯೋ ಒಪ್ಪಂದ ಪೈಲಟ್‌ಗೆ, ಅಂದರೆ ಕ್ಯಾಪ್ಟನ್‌ಗೆ ದೊಡ್ಡ ಅಧಿಕಾರ ಕೊಟ್ಟಿದೆ. ವಿಮಾನದ ಸುರಕ್ಷತೆಗೆ, ಶಿಸ್ತಿಗೆ ಧಕ್ಕೆ ತರುತ್ತಿದ್ದಾರೆ ಅನ್ನಲು ತಕ್ಕ ಕಾರಣ ಇದ್ದರೆ ಅಂಥವರನ್ನು ಹಿಡಿದು ಕೂರಿಸಬಹುದು, ಇಳಿಸಿಬಿಡಬಹುದು. ಸಿಬ್ಬಂದಿ ಹೇಳಿದ್ದನ್ನು ಕೇಳಿ ಕ್ಯಾಪ್ಟನ್ ತೀರ್ಮಾನ ಮಾಡುತ್ತಾರೆ. ಬಾಗಿಲು ಹಾಕಿಕೊಂಡ ಕಾಕ್‌ಪಿಟ್‌ನಲ್ಲಿ ಕೂತವರಿಗೆ ನಿಮ್ಮ ಕಡೆಯ ಕಥೆ ತಲುಪುವುದೇ ಇಲ್ಲ. ಇದು ನ್ಯಾಯವಾ ಅಂತ ಕೇಳಿದರೆ, ಪ್ರತಿ ಸಲವೂ ಅಲ್ಲ ಅನ್ನುತ್ತೇನೆ. ಆದರೆ ಮೂವತ್ತು ಸಾವಿರ ಅಡಿ ಮೇಲೆ ವಾದ ಗೆದ್ದವರು ನನಗೆ ಗೊತ್ತಿಲ್ಲ.

ಫೋನ್ ತೆಗೆಯಿರಿ, ಆದರೆ ಬರೆಯಲು. ಎಷ್ಟು ಹೊತ್ತಿಗೆ ಆಯಿತು, ಬೆಲ್ಟ್ ದೀಪ ಹತ್ತಿತ್ತಾ ಇಲ್ಲವಾ, ನೀವು ಏನು ಕೇಳಿದಿರಿ, ಅವರು ಯಾವ ಮಾತಿನಲ್ಲಿ ಉತ್ತರ ಕೊಟ್ಟರು, ಯಾರು ಕೇಳಿಸಿಕೊಂಡರು. ಬಿಸಿಬಿಸಿಯಾಗಿ ಬರೆದದ್ದಕ್ಕೆ ಬೆಲೆ ಜಾಸ್ತಿ. ಪಕ್ಕದವರು ಒಪ್ಪಿದರೆ ಅವರ ಫೋನ್ ನಂಬರ್ ತೆಗೆದುಕೊಳ್ಳಿ. ನಿಮ್ಮ ಮೇಲೆ ಕೈ ಮಾಡಿದರೆ ಮಾತ್ರ ಲೆಕ್ಕ ಬೇರೆ, ಆಗ ಇಳಿದ ಕೂಡಲೇ ನೀವೇ ಪೊಲೀಸರ ಬಳಿ ಹೋಗಿ.

ಪ್ರಶ್ನೆ: ಇನ್ನೊಂದು ಡ್ರಿಂಕ್ ಕೇಳಿದರೆ ಕೊಡಲಿಲ್ಲ. ದುಡ್ಡು ಕೊಟ್ಟಿದ್ದೇನಲ್ಲ?

ಉತ್ತರ: ಅಮಲೇರಿದಂತೆ ಕಾಣುವವರಿಗೆ ಮದ್ಯ ಕೊಡುವಂತಿಲ್ಲ ಅಂತ ಅಮೆರಿಕದಂಥ ದೇಶಗಳಲ್ಲಿ ನಿಯಮವೇ ಇದೆ. ಸ್ವಂತ ಬಾಟಲಿ ತೆಗೆದು ಕುಡಿಯುವುದಕ್ಕೂ ಅಲ್ಲಿ ಬಿಡುವುದಿಲ್ಲ. ಕೊಡದೇ ಇದ್ದದ್ದು ಸರಿ.

ಪ್ರಶ್ನೆ: ನಾನು ಈಗ ಕ್ಯಾಬಿನ್ ಕ್ರೂ ಆಗಿ ಕೆಲಸ ಮಾಡುತ್ತಿರುವವಳು. ಎಲ್ಲರೂ ನಮ್ಮನ್ನೇ ಬೈಯುತ್ತಾರೆ. ಚಿಟಿಕೆ ಹೊಡೆದು ಕರೆಯುತ್ತಾರೆ, ಹೋಗುವಾಗ ಸೊಂಟಕ್ಕೆ ಕೈ ತಾಗಿಸುತ್ತಾರೆ, ಮಗುವಿನ ಡೈಪರ್ ತಂದು ಕೈಗೆ ಕೊಡುತ್ತಾರೆ. ಇಷ್ಟಾದ ಮೇಲೂ ನಗಬೇಕು. ನಮ್ಮ ಬಗ್ಗೆ ಯಾಕೆ ಬರೆಯುವುದಿಲ್ಲ?

ಉತ್ತರ: ಬರೆಯುತ್ತೇನೆ. ಚಿಟಿಕೆಯ ಸದ್ದು ನನಗೆ ಇವತ್ತಿಗೂ ಆಗುವುದಿಲ್ಲ.

ಪ್ರಯಾಣಿಕರಿಗೆ ತಿಳಿಯದ ಒಂದು ಸಂಗತಿ ಸಂಬಳದ್ದು. ಹಲವು ಕಂಪನಿಗಳಲ್ಲಿ ಸಿಬ್ಬಂದಿಯ ಗಂಟೆ ಲೆಕ್ಕದ ಸಂಬಳ ಶುರುವಾಗುವುದು ವಿಮಾನದ ಬಾಗಿಲು ಮುಚ್ಚಿದ ಮೇಲೆ, ಇಲ್ಲವೇ ವಿಮಾನ ಗೇಟು ಬಿಟ್ಟು ಹೊರಟ ಮೇಲೆ. ಅಂದರೆ ನೀವೆಲ್ಲ ಹತ್ತುವ, ಬ್ಯಾಗಿಗೆ ಜಾಗ ಇಲ್ಲ ಅಂತ ಜಗಳ ಆಡುವ, ಸೀಟು ಬದಲಿಸಿ ಅಂತ ಕೇಳುವ, ಇಡೀ ಪ್ರಯಾಣದಲ್ಲಿ ಅತ್ಯಂತ ಗಲಾಟೆಯ ಆ ಹೊತ್ತು ಅವರ ಗಂಟೆ ಲೆಕ್ಕಕ್ಕೆ ಸೇರುವುದೇ ಇಲ್ಲ. ಅಮೆರಿಕದಲ್ಲಿ ಡೆಲ್ಟಾ ಕಂಪನಿ 2022ರಲ್ಲಿ ಬೋರ್ಡಿಂಗ್ ಸಮಯಕ್ಕೂ ಅರ್ಧ ದರದಲ್ಲಿ ಸಂಬಳ ಕೊಡಲು ಶುರು ಮಾಡಿದಾಗ ಅದು ದೊಡ್ಡ ಸುದ್ದಿಯಾಯಿತು. 2025ರ ಆಗಸ್ಟ್‌ನಲ್ಲಿ ಏರ್ ಕೆನಡಾದ 10,000ಕ್ಕೂ ಹೆಚ್ಚು ಸಿಬ್ಬಂದಿ ಮುಷ್ಕರ ಹೂಡಿದರು, ನೆಲದ ಮೇಲೆ ದುಡಿಯುವ ಹೊತ್ತಿಗೂ ಸಂಬಳ ಕೊಡಿ ಅನ್ನುವುದು ಅವರ ಮುಖ್ಯ ಬೇಡಿಕೆಗಳಲ್ಲಿ ಒಂದು. ಬಾಗಿಲಲ್ಲಿ ನಿಂತವರ ನಗು ಯಾಕೆ ಸೊರಗಿದೆ ಅಂತ ಕೇಳುವವರು ಇದನ್ನೂ ತಿಳಿದಿರಬೇಕು.

ಪ್ರಯಾಣಿಕರ ದರ್ಪವೂ ಸಣ್ಣದಲ್ಲ. 2021ರಲ್ಲಿ ಅಮೆರಿಕದಲ್ಲಿ ವಿಮಾನದೊಳಗಿನ ಪುಂಡಾಟದ ಸುಮಾರು 6,000 ದೂರುಗಳು ಅಲ್ಲಿನ ವಿಮಾನಯಾನ ಆಡಳಿತಕ್ಕೆ ಬಂದವು, ಅದರಲ್ಲಿ 4,000ಕ್ಕೂ ಹೆಚ್ಚು ಮಾಸ್ಕ್ ಹಾಕಿ ಅಂದಿದ್ದಕ್ಕೆ ಆದ ಜಗಳಗಳು. 2014ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಕೊರಿಯನ್ ಏರ್ ಕಂಪನಿಯ ಉಪಾಧ್ಯಕ್ಷೆಯೇ ಪ್ರಯಾಣಿಕಳಾಗಿ ಕೂತಿದ್ದರು. ಮಕಡೇಮಿಯಾ ಬೀಜವನ್ನು ತಟ್ಟೆಯಲ್ಲಿ ಹಾಕಿ ಕೊಡದೆ ಪೊಟ್ಟಣದಲ್ಲೇ ಕೊಟ್ಟರು ಅನ್ನುವ ಕಾರಣಕ್ಕೆ ಕೂಗಾಡಿ, ಸಿಬ್ಬಂದಿಯ ಮುಖ್ಯಸ್ಥರನ್ನು ಮಂಡಿಯೂರಿಸಿ, ಹೊರಟಿದ್ದ ವಿಮಾನವನ್ನು ಗೇಟಿಗೆ ವಾಪಸ್ ತಿರುಗಿಸಿ ಅವರನ್ನು ಇಳಿಸಿಬಿಟ್ಟರು. ಆಕೆ ಆಮೇಲೆ ಕೋರ್ಟಿನ ಕಟಕಟೆ ಹತ್ತಬೇಕಾಯಿತು, ಕೆಲ ತಿಂಗಳು ಜೈಲಿನಲ್ಲೂ ಇರಬೇಕಾಯಿತು.

ಮೈ ಮುಟ್ಟುವವರನ್ನು ನಗುತ್ತಾ ಸಹಿಸಬೇಡಿ. ಗಟ್ಟಿಯಾಗಿ, ನಾಲ್ಕು ಸಾಲಿಗೆ ಕೇಳುವ ಹಾಗೆ, "ಕೈ ತೆಗೆಯಿರಿ" ಅನ್ನಿ. ಸೀನಿಯರ್‌ಗೆ ಆಗಲೇ ತಿಳಿಸಿ, ಆ ಸಾಲಿಗೆ ಬೇರೆಯವರು ಹೋಗಲಿ. ಬೇರೆ ದೇಶದಲ್ಲಿ ಇಳಿದರೆ ಅಲ್ಲಿನ ಪೊಲೀಸರಿಗೆ ಅಧಿಕಾರ ಇಲ್ಲ ಅನ್ನುವ ತೊಡಕು ಹಿಂದೆ ತುಂಬಾ ಇತ್ತು. ಮೇಲೆ ಹೇಳಿದ ಟೋಕಿಯೋ ಒಪ್ಪಂದವನ್ನು ತಿದ್ದಿದ 2014ರ ಮಾಂಟ್ರಿಯಲ್ ಪ್ರೋಟೋಕಾಲ್ 2020ರ ಜನವರಿ 1ರಿಂದ ಜಾರಿಗೆ ಬಂದಿದೆ, ಅದಕ್ಕೆ ಸಹಿ ಹಾಕಿ ಒಪ್ಪಿದ ದೇಶಗಳಲ್ಲಿ ವಿಮಾನ ಇಳಿದ ಜಾಗದಲ್ಲೇ ಕೇಸು ಹಾಕಬಹುದು.

ಒಂದು ಮಾತು ಮಾತ್ರ ಅಕ್ಕನ ಹಾಗೆ ಹೇಳುತ್ತೇನೆ. 12ನೇ ಸಾಲಿನವನ ಮೇಲಿನ ಸಿಟ್ಟನ್ನು 14ನೇ ಸಾಲಿನ ಅಜ್ಜಿಯ ಮೇಲೆ ತೀರಿಸಬೇಡಿ. ಮೇಲಿನ ಪತ್ರಗಳಲ್ಲಿ ಅರ್ಧಕ್ಕರ್ಧ ಹಾಗೇ ಆಗಿದ್ದು ಅನ್ನಿಸುತ್ತದೆ.

ಪ್ರಶ್ನೆ: ಮುಂದಿನವರಿಗೆಲ್ಲ ನಗುನಗುತ್ತಾ ಮಾತು, ನನ್ನ ಸರದಿ ಬಂದಾಗ ಟ್ರೇ ಕುಕ್ಕಿ ಹೋದರು. ನನ್ನ ಬಣ್ಣ, ನನ್ನ ಭಾಷೆ ನೋಡಿಯೇ ಹಾಗೆ ಮಾಡಿದ್ದು. ಇದನ್ನು ಹೇಗೆ ಸಾಬೀತು ಮಾಡಲಿ? ಹೆಸರು ಕೇಳಿದರೂ ಹೇಳಲಿಲ್ಲ.

ಉತ್ತರ: ನಿಮಗೆ ಆ ಅನುಮಾನ ಬಂದಿದ್ದರೆ ಅದನ್ನು ನಾನು ತಳ್ಳಿಹಾಕುವುದಿಲ್ಲ. ಕೆಲವರಿಗೆ ಒಂದು ಭಾಷೆ, ಉಳಿದವರಿಗೆ ಇನ್ನೊಂದು ಧಾಟಿ ಇರುವುದನ್ನು ನಾನೂ ಕಂಡಿದ್ದೇನೆ. ಜೊತೆ ಕೆಲಸ ಮಾಡುವವರು ಗ್ಯಾಲಿಯ ಪರದೆ ಎಳೆದುಕೊಂಡು ಪ್ರಯಾಣಿಕರ ಮಾತಿನ ರೀತಿಯನ್ನು ಅಣಕಿಸುವುದನ್ನೂ ಕೇಳಿದ್ದೇನೆ. ಅದಕ್ಕೆ ದಣಿವು, ಸಂಬಳ ಯಾವುದೂ ನೆಪ ಆಗುವುದಿಲ್ಲ.

ದೂರಿನಲ್ಲಿ ಅವರ ಮನಸ್ಸಿನಲ್ಲಿ ಏನಿತ್ತು ಅಂತ ಬರೆಯಲು ಹೋಗಬೇಡಿ. ಏನು ಮಾಡಿದರು ಅಂತ ಬರೆಯಿರಿ. "ನಿಮ್ಮ ಸಿಬ್ಬಂದಿಗೆ ಅಹಂಕಾರ, ನಮ್ಮಂಥವರನ್ನು ಕಂಡರೆ ಆಗುವುದಿಲ್ಲ, ಇನ್ನು ಮುಂದೆ ನಿಮ್ಮ ವಿಮಾನ ಹತ್ತುವುದಿಲ್ಲ" ಅಂತ ಬರೆದರೆ ನಿಮಗೆ ಬರುವುದು ಒಂದು ಅಚ್ಚು ಹಾಕಿದ ಕ್ಷಮೆಪತ್ರ. ಬದಲಿಗೆ ಹೀಗೆ ಬರೆಯಿರಿ: "ನಾನು 22ನೇ ಸಾಲಿನ ಮಧ್ಯದ ಸೀಟಿನಲ್ಲಿದ್ದೆ. ಊಟ ಕೊಡುವಾಗ ನನ್ನ ಎರಡೂ ಪಕ್ಕದವರಿಗೆ ಯಾವುದು ಬೇಕು ಅಂತ ಕೇಳಿದರು. ನನಗೆ ಕೇಳದೆ ಒಂದನ್ನು ಇಟ್ಟರು. ಇನ್ನೊಂದು ಇದೆಯಾ ಅಂದಾಗ ಉತ್ತರ ಕೊಡದೆ ಮುಂದೆ ಹೋದರು. ನನ್ನ ಹಿಂದಿನ ಸಾಲಿನವರಿಗೆ ಅದೇ ಇನ್ನೊಂದನ್ನು ಕೊಟ್ಟರು." ಇದನ್ನು ಓದಿದವರು ತಪ್ಪಿಸಿಕೊಳ್ಳಲು ಆಗುವುದಿಲ್ಲ. ಭೇದ ಮಾಡಿದ್ದಾರೆ ಅನ್ನುವ ಮಾತನ್ನು ಕೊನೆಗೆ ನೇರವಾಗಿ ಒಂದು ಸಾಲಿನಲ್ಲಿ ಹಾಕಿ. ಹಾಕದೇ ಬಿಡಬೇಡಿ. ಬಣ್ಣ, ಜನಾಂಗ ನೋಡಿ ಭೇದ ಮಾಡುವುದು ಬಹಳಷ್ಟು ದೇಶಗಳಲ್ಲಿ ಕಾನೂನಿನ ಪ್ರಕಾರವೇ ತಪ್ಪು, ಆ ಪದ ಇದ್ದರೆ ದೂರನ್ನು ಬೇರೆ ಮಟ್ಟದಲ್ಲಿ ನೋಡಬೇಕಾಗುತ್ತದೆ.

ಹೆಸರು ಬೇಕಾಗಿಯೇ ಇಲ್ಲ. ವಿಮಾನದ ನಂಬರ್, ದಿನಾಂಕ, ನಿಮ್ಮ ಸೀಟ್ ನಂಬರ್, ಕ್ಯಾಬಿನ್ನಿನ ಯಾವ ಭಾಗ, ಯಾವ ಹೊತ್ತು, ಇಷ್ಟು ಕೊಟ್ಟರೆ ಅಲ್ಲಿ ಯಾರು ಕೆಲಸದಲ್ಲಿದ್ದರು ಅಂತ ಕಂಪನಿಯ ದಾಖಲೆಯಲ್ಲೇ ಸಿಗುತ್ತದೆ. ಬೋರ್ಡಿಂಗ್ ಪಾಸ್ ಎಸೆಯಬೇಡಿ. ಫೋನಿನಲ್ಲಿ ದೂರು ಹೇಳಿ ಸುಮ್ಮನಾಗಬೇಡಿ, ಇಮೇಲ್‌ನಲ್ಲೋ ಅವರ ವೆಬ್‌ಸೈಟಿನ ದೂರಿನ ಫಾರಂನಲ್ಲೋ ಬರೆದು, ದೂರಿನ ನಂಬರ್ ತೆಗೆದಿಟ್ಟುಕೊಳ್ಳಿ. ಅಮೆರಿಕಕ್ಕೆ ಹೋಗಿಬರುವ ವಿಮಾನವಾಗಿದ್ದರೆ, ಬರೆದು ಕೊಟ್ಟ ದೂರು ತಲುಪಿದೆ ಅಂತ 30 ದಿನದೊಳಗೆ ತಿಳಿಸಬೇಕು, 60 ದಿನದೊಳಗೆ ಸರಿಯಾದ ಉತ್ತರ ಕೊಡಬೇಕು ಅನ್ನುವ ನಿಯಮ ಇದೆ. ಬೇರೆ ಕಡೆಯೂ ಕಂಪನಿ ಸುಮ್ಮನಿದ್ದರೆ ಆ ದೇಶದ ವಿಮಾನಯಾನ ನಿಯಂತ್ರಣ ಸಂಸ್ಥೆಗೆ ಅದೇ ಪತ್ರ, ಅದೇ ದೂರಿನ ನಂಬರ್ ಸೇರಿಸಿ ಕಳಿಸಿ. ಮೊದಲು ಕಂಪನಿಗೆ ಬರೆದಿದ್ದೀರಾ ಅಂತ ಅವರು ಕೇಳಿಯೇ ಕೇಳುತ್ತಾರೆ.